ಹಾಯಿದೋಣಿಗೊಂದು ಒಲೆ

ನನಗೊಂದು ಚಾಳಿ ಇದೆ. ಒಲೆಯ ಮೇಲೆ ಹಾಲಿಟ್ಟರೆ ಬೋಗುಣಿಯ ಒಂದು ಕಿವಿಯನ್ನು ಸೆರಗಿನ ತುದಿಯಿಂದ ಹಿಡಿದುಕೊಂಡೇ ನಿಲ್ಲಬೇಕು. ಹಾಲು ಉಕ್ಕಿ ಬರುವ ತನಕ ಕೈ ಬಿಡುವ ಮಾತಿಲ್ಲ. ಸಾಲದ್ದಕ್ಕೆ ಕಾಲು ಅಗಲಿಸಿ, ಕುಸ್ತಿಗೆ ಇಳಿದ ಪೈಲ್ವಾನನ ಹಾಗೆ ನಿಂತಿರುತ್ತೇನಂತೆ. ಇದು ನನ್ನ ಸೊಸೆ ಶಾಂತಾಳ ವರದಿ. ಎದುರಿಗೆ ಕನ್ನಡಿ ಇಟ್ಟುಕೊಂಡು ಅಡುಗೆ ಮಾಡುವವಳು ನಾನಲ್ಲ, ಆದ್ದರಿಂದ ಅವಳ ಮಾತನ್ನು ನಂಬಲೇಬೇಕಾಗಿದೆ.

“ಅತ್ತಿ, ಕೈ ಬಿಡ್ರಿ. ಗ್ಯಾಸಿನ ಒಲಿ, ಶಹಾಬಾದಿ ಫರಸಿ ಕಲ್ಲಿನ ಮ್ಯಾಲ ಗಟ್ಟ್ಯಾಗಿ ಕುಂತದ. ಎಲ್ಲಿಗಿ ಓಡಿ ಹೋಗ್ತದ ಅದು?” ಎನ್ನುತ್ತಾಳೆ.

“ನಿನಗೇನ್ ಗೊತ್ತದ ಹೋಗ. ಒಲಿ ಓಡಿ ಹೋಗೂದು ನಾ ಕಣ್ಣಾರೆ ನೋಡೀನಿ,” ಎನ್ನುತ್ತೇನೆ.

ಸುಳ್ಳಲ್ಲ. ಒಲೆ, ಬೋಗುಣಿ, ರೊಟ್ಟಿ, ರೊಟ್ಟಿ ಬಡಿಯುವವಳು ಎಲ್ಲರೂ ಒಟ್ಟಿಗೆ ತೂಗಾಡುವ ಮನೆಯಲ್ಲಿ ನಾನು ಸಂಸಾರ ಹೂಡಿದ್ದೆ. ಹಾಯಿದೋಣಿಯಲ್ಲಿ. ಅದೂ ಕಲಬುರ್ಗಿಯಲ್ಲಿ. ಇಷ್ಟು ಹೇಳುವುದರೊಳಗೆ ಶಾಂತಾ ಬಾಯಿಗೆ ಸೆರಗು ಒತ್ತಿಕೊಂಡಿರುತ್ತಾಳೆ. ನೀವೂ ಬೇಕಾದರೆ ಈಗಲೇ ನಕ್ಕುಬಿಡಿ. ಆಮೇಲೆ ಸಾವಕಾಶವಾಗಿ ಹೇಳುತ್ತೇನೆ.

ನಿಜಾಮ ಸರಕಾರದ ಕಾಲ. ನನ್ನ ತವರು ಭೀಮಾ ಹೊಳೆಯ ದಂಡೆಯ ಮೇಲಿನ ಒಂದು ಸಣ್ಣ ಹಳ್ಳಿ. ನಮ್ಮ ಮನೆ ಈ ದಂಡೆಗೆ, ಹೊಲ ಆ ದಂಡೆಗೆ. ಅಪ್ಪ ಬುತ್ತಿ ಕಟ್ಟಿಕೊಂಡು ಹರಿಗೋಲು ಹತ್ತಿದರೆ ನಾನೂ ಹಟ ಮಾಡಿ ಹತ್ತುತ್ತಿದ್ದೆ. ಬಿದಿರಿನ ದೊಡ್ಡ ಬುಟ್ಟಿಗೆ ತೊಗಲು ಹೊದಿಸಿದ ಆ ಹರಿಗೋಲು ಗರಗರ ತಿರುಗುತ್ತಲೇ ಆಚೆ ದಂಡೆಗೆ ಹೋಗುತ್ತಿತ್ತು. ತೊಯ್ದ ತೊಗಲಿನ ನಾತವನ್ನು ಪರಿಮಳ ಎಂದರೆ ನೀವು ಒಪ್ಪುವುದಿಲ್ಲ. ಒಪ್ಪಬೇಡಿ. ನನಗೆ ಮಾತ್ರ ಇಂದಿಗೂ ಎಲ್ಲಾದರೂ ಹಸಿ ತೊಗಲಿನ ವಾಸನೆ ಬಂದರೆ ಕಣ್ಣು ಒದ್ದೆಯಾಗುತ್ತದೆ. ವಾಪಸು ಬರುವಾಗ ಅಪ್ಪನ ಧೋತರದ ಚುಂಗಿನಲ್ಲಿ ಸುಟ್ಟ ಸೀತನಿ, ಎಂದರೆ ಎಳೆ ಜೋಳದ ತೆನೆ, ಇರುತ್ತಿತ್ತು. ಬಿಸಿಬಿಸಿ ಹಾಲುಗಾಳನ್ನು ಬಾಯಿಗೆ ಹಾಕಿಕೊಂಡು ಇನ್ನೊಂದು ಕೈಯನ್ನು ನೀರಿಗೆ ಬಿಟ್ಟು ಕೂತರೆ ಇಡೀ ಹೊಳೆ ನನ್ನ ಬೆರಳ ಸಂದಿಯಿಂದ ಹಾದುಹೋಗುತ್ತಿತ್ತು.

ಅಂಥವಳನ್ನು ಕಮಲಾಪುರಕ್ಕೆ ಕೊಟ್ಟರು. ಊರಿನ ಬಗ್ಗೆ ದೂರು ಹೇಳುತ್ತಿಲ್ಲ. ಅಲ್ಲಿನ ಕೆಂಪು ಬಾಳೆಹಣ್ಣು ತಿಂದವರು ಆ ಊರಿಗೆ ಕೆಟ್ಟ ಮಾತು ಆಡಲಾರರು. ಗಂಡನ ಮನೆಯೂ ತುಂಬಿದ ಮನೆ. ಅತ್ತೆ, ಭಾವ, ನೆಗೆಣ್ಣಿ, ಅವರ ಮಕ್ಕಳ ದಂಡು. ಆದರೆ ನೀರಿರಲಿಲ್ಲ. ಕುಡಿಯಲು ಬಾವಿಯಲ್ಲಿ ಬೇಕಾದಷ್ಟಿತ್ತು. ನಾನು ಹೇಳುತ್ತಿರುವುದು ನೋಡುವ ನೀರಿನ ಮಾತು. ಕೊಡ ಇಳಿಬಿಟ್ಟು ಬಾವಿಯೊಳಗೆ ಬಗ್ಗಿ ನೋಡಿದರೆ ತಳದಲ್ಲಿ ಒಂದು ತಾಟಿನಷ್ಟು ಆಕಾಶ ಕಾಣಿಸುತ್ತಿತ್ತು. ಅಷ್ಟರಲ್ಲೇ ತೃಪ್ತಿಪಡಬೇಕಿತ್ತು.

ನೀರಿಲ್ಲದಿದ್ದರೆ ಹೋಗಲಿ, ಗಂಡನೂ ಇರಲಿಲ್ಲ. ಇವರಿಗೆ ತಾಮೀರಾತ ಇಲಾಖೆಯಲ್ಲಿ, ಎಂದರೆ ಸರಕಾರದ ಕಟ್ಟಡ, ಕೆರೆಗಳನ್ನು ನೋಡಿಕೊಳ್ಳುವ ಕಚೇರಿಯಲ್ಲಿ ನೌಕರಿ. (ಇವರ ಹೆಸರು ಹೇಳುವ ರೂಢಿ ನನಗಿಲ್ಲ. ಈ ವಯಸ್ಸಿನಲ್ಲಿ ಕಲಿಯುವುದೂ ಬೇಡ.) ಕಲಬುರ್ಗಿಯ ದೊಡ್ಡ ಕೆರೆಯ ಏರಿ ಮತ್ತು ತೂಬುಗಳ ಮೇಲ್ವಿಚಾರಣೆ ಇವರದು. ವಾಸ ಬಜಾರದ ಹಿಂದಿನ ಒಂದು ಖೋಲಿಯಲ್ಲಿ, ಇನ್ನೂ ಮೂವರು ಗಂಡಸರ ಜೊತೆಗೆ. ಆಗ ನಮ್ಮ ಸೀಮೆಯಲ್ಲಿ ವಾರದ ರಜೆ ಶುಕ್ರವಾರ. ಗುರುವಾರ ಸಂಜೆ ಮೋಟಾರಿಗೆ ಬಂದವರು ಶನಿವಾರ ನಸುಕಿಗೆ ಮಾಯ. ಆ ಒಂದು ದಿನದಲ್ಲೂ ಅರ್ಧ ದಿನ ಭಾವನವರ ಮಕ್ಕಳು ಇವರ ಹೆಗಲ ಮೇಲೆ, ಉಳಿದರ್ಧ ದಿನ ಇವರು ಊರ ಹಿರಿಯರ ಜೊತೆ ಕಟ್ಟೆಯ ಮೇಲೆ. ನನ್ನ ಪಾಲಿಗೆ ಬರುತ್ತಿದ್ದುದು ಇವರು ಉಂಡ ತಾಟು.

ಗಂಡನ ಜೊತೆ ಇರಬೇಕೆಂದು ಬಾಯಿಬಿಟ್ಟು ಹೇಳುವ ಸೊಸೆಯನ್ನು ಆಗ ಯಾರೂ ಕಂಡಿರಲಿಲ್ಲ. ನಾನೂ ಹೇಳಲಿಲ್ಲ. ಆಸೆ ಮಾತ್ರ ಹೊಟ್ಟೆ ತುಂಬ ಇತ್ತು. ಗುರುವಾರ ಮಧ್ಯಾಹ್ನದಿಂದಲೇ ಮೋಟಾರಿನ ಸಪ್ಪಳಕ್ಕೆ ಕಿವಿ ಕೊಟ್ಟು ರೊಟ್ಟಿ ಹೊತ್ತಿಸುತ್ತಿದ್ದೆ. ಒಮ್ಮೆ ಇವರೇ ಧೈರ್ಯ ಮಾಡಿ ಅತ್ತೆಯ ಮುಂದೆ ನನ್ನನ್ನು ಕರೆದುಕೊಂಡು ಹೋಗುವ ಮಾತು ತೆಗೆದರು.

“ನಾಲ್ಕ್ ಮಂದಿ ಗಂಡಸರ ಖೋಲ್ಯಾಗ?” ಅತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. “ಒಲಿ ಇಲ್ಲದ ಜಾಗಾಕ್ಕ ನಾ ಸೊಸಿ ಕಳಸಂಗಿಲ್ಲ. ಮೊದಲ ಒಲಿ ಹೂಡಿ ಬಾ. ಆಮ್ಯಾಲ ನೋಡ್ತೀನಿ.”

ಅತ್ತೆ ಹೇಳಿದರೆ ಮುಗಿಯಿತು. ಮೆದು ದನಿಯಲ್ಲಿ ಹೇಳುತ್ತಿದ್ದರು, ಅದೇ ಹೆಚ್ಚು ಭಯ.

ಇಂಥ ಹೊತ್ತಿನಲ್ಲಿ ದೋಣಿ ಬಂತು. ಇಲಾಖೆಯ ಒಬ್ಬ ದೊಡ್ಡ ಸಾಹೇಬ ಸಂಜೆಯ ಮೋಜಿಗೆಂದು ಕೆರೆಯಲ್ಲಿ ಸಣ್ಣದೊಂದು ಹಾಯಿದೋಣಿ ಇಟ್ಟುಕೊಂಡಿದ್ದ. ಅವನು ಬೇರೆ ಊರಿಗೆ ಹೋದ, ದೋಣಿ ಹರಾಜಿಗೆ ಬಂತು. ಎಮ್ಮೆ ಹರಾಜಾದರೆ ಮುಗಿಬೀಳುವ ನಮ್ಮ ಮಂದಿ ಏರಿಯ ಮೇಲೆ ಸಾಲಾಗಿ ನಿಂತು ದೋಣಿಯನ್ನು ನೋಡಿದರು, ಎಲೆಯಡಿಕೆ ಉಗುಳಿದರು, ಮನೆಗೆ ಹೋದರು. ಯಾರೂ ಕೂಗಲಿಲ್ಲ. ಹರಾಜು ನಡೆಸಲು ಹೋದ ಇವರೇ ಕೈ ಎತ್ತಿ ಕೊಂಡುಬಿಟ್ಟರು.

ಆ ಗುರುವಾರ ಬಾವಿಯ ಕಟ್ಟೆಯ ಹತ್ತಿರ ಬಂದು ಮೆಲ್ಲಗೆ ಅಂದರು: “ಮನಿ ಸಿಕ್ತು.”

“ಎಲ್ಲಿ?”

“ಕೆರ್‍ಯಾಗ. ಮ್ಯಾಲ ಮಾಡು ಅದ, ಇಬ್ಬರು ಮಲಗೋವಷ್ಟು ಜಾಗಾ ಅದ. ಹಾಯಿ ಬಿಚ್ಚಿದ್ರ ಮನೀನ ತಿರಗಾಡ್ತದ.”

ನನ್ನ ಕೈಯಿಂದ ಹಗ್ಗ ಜಾರಿ ಕೊಡ ಬಾವಿಗೆ ಬಿತ್ತು. ಒಂದೇ ಸಲಕ್ಕೆ ನೀರೂ ಗಂಡನೂ! ಯಾವ ಹೆಂಗಸಿಗೆ ಅಂಥ ಅದೃಷ್ಟ? ಕೊಡ ಹೋದುದಕ್ಕೆ ನೆಗೆಣ್ಣಿ ಬೈದದ್ದು ನನ್ನ ಕಿವಿಗೆ ಬೀಳಲೇ ಇಲ್ಲ.

ಅತ್ತೆ ಸುದ್ದಿ ಕೇಳಿ ಸಿಟ್ಟಾಗಲಿಲ್ಲ. ಒಂದೇ ಮಾತು ಕೇಳಿದರು: “ಒಲಿ?”

ಇವರು ತಲೆ ಕೆರೆದುಕೊಂಡರು. ಏರಿಯ ಮೇಲೆ ಮೂರು ಕಲ್ಲು ಹೂಡೋಣವೆಂದರು. ಹಾದಿಬೀದಿಯ ಮಂದಿ, ಎಮ್ಮೆ, ಅಗಸರ ನಡುವೆ ಬಯಲಲ್ಲಿ ಸೊಸೆ ಅಡುಗೆ ಮಾಡುವುದು ಶಕ್ಯವೇ ಇಲ್ಲ ಎಂದರು ಅತ್ತೆ. ದೋಣಿಯೊಳಗೇ ಮಾಡಿದರೆ? ಕಟ್ಟಿಗೆಯ ದೋಣಿ, ಬಟ್ಟೆಯ ಹಾಯಿ, ನಡುವೆ ಬೆಂಕಿ. “ದೋಣಿ ಅಲಗಾಡ್ತದೋ ಇಲ್ಲೋ?” “ಅಲಗಾಡ್ತದವ್ವ.” “ಹಂಗಾರ ಗಾಡ್ಯಾಗ ಇಟ್ಟು ತೋರಸು.”

ಹೀಗೆ, ಹಾಯಿದೋಣಿಯ ಒಲೆಗಳ ಪರೀಕ್ಷೆ ಕಮಲಾಪುರದ ಎತ್ತಿನ ಗಾಡಿಯಲ್ಲಿ ಶುರುವಾಯಿತು. ನೀರಿಲ್ಲದ ಊರಿನವರಿಗೆ ತೆರೆ ಎಂದರೇನು ಗೊತ್ತು? ಅವರಿಗೆ ಗೊತ್ತಿದ್ದ ಅಲುಗಾಟ ಅದೊಂದೇ. ಗಾಡಿಯಲ್ಲಿ ಜೋಳದ ಒಣ ದಂಟಿನ ಕಣಕಿ ಹಾಸಿ, ಅದರ ನಡುವೆ ಹಲಗೆ, ಹಲಗೆಯ ಮೇಲೆ ಉರಿಯುವ ಒಲೆ, ಒಲೆಯ ಮೇಲೆ ನೀರು ತುಂಬಿದ ಬೋಗುಣಿ. ಇವರು ಪಕ್ಕದಲ್ಲಿ ಕೂತು ಮನೆಯಿಂದ ಸಂತೆ ಬಯಲಿಗೆ ಹೋಗಿ ಬರಬೇಕು. ಅತ್ತೆ ಹೊಸ್ತಿಲಲ್ಲಿ ಕೂತು ನೋಡಬೇಕು. ನಾನು ಬಾಗಿಲ ಸಂದಿಯಲ್ಲಿ ನಿಂತು ಕಂಡ ದೇವರನ್ನೆಲ್ಲ ಬೇಡಬೇಕು.

ಮೊದಲು ಬಂದದ್ದು ಇದ್ದಿಲಿನ ಸಿಗಡಿ ಒಲೆ. ಗಾಡಿ ಮೊದಲ ಕೊರಕಲಿಗೆ ಇಳಿದದ್ದೇ ತಡ, ಕಿಡಿ ಹಾರಿ ಕಣಕಿಗೆ ಬಿತ್ತು. ಇವರು ಬೋಗುಣಿಯ ನೀರನ್ನು ಸುರಿದು ಆರಿಸಿ, ಅರ್ಧ ಸುಟ್ಟ ಧೋತರದಲ್ಲಿ ಮನೆಗೆ ಬಂದರು.

“ಇಲ್ಲಿ ಕಣಕಿ ಸುಟ್ತು. ಅಲ್ಲಿ ಹಾಯಿ ಸುಡ್ತದ. ನಾಪಾಸ,” ಎಂದರು ಅತ್ತೆ.

ಎರಡನೆಯದು ಕಲಬುರ್ಗಿ ಬಜಾರದಲ್ಲಿ ದೀಪ, ಗಿಂಡಿ ಮಾರುವ ಹುಸೇನಸಾಬನ ಅಂಗಡಿಯದು. ಅಂಗೈಯಗಲದ ಒಲೆ. ಕಿಡಿಯಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ನೀಲಿ ಉರಿ, ನೋಡಿದರೆ ಮುದ್ದು ಬರಬೇಕು. ಗಾಡಿ ಸಂತೆ ಬಯಲು ಸುತ್ತಿ ಬಂದರೂ ಏನೂ ಆಗಲಿಲ್ಲ. ನಾನಂತೂ ಒಳಗೆ ಹೋಗಿ ಸೀರೆ ಮಡಚಲು ಶುರುಮಾಡಿದ್ದೆ. ಅಷ್ಟರಲ್ಲಿ ಅತ್ತೆ ಒಲೆಯ ಹತ್ತಿರ ಮೂಗು ತಂದರು.

“ಇದೇನ್ ಎಣ್ಣಿ?”

ಸುಳ್ಳು ಹೇಳಲು ಬಾರದ ಮನುಷ್ಯ ಇವರು. “ಎಣ್ಣಿ ಅಲ್ಲವ್ವ. ಸ್ಪಿರಿಟ್.”

“ಅಂದ್ರ?”

“ಅಂದ್ರ… ಒಂದ್ ನಮೂನಿ ಸಾರಾಯಿ.”

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು ಹಣೆಯ ವಿಭೂತಿ ಮುಟ್ಟಿಕೊಂಡರು. “ಲಿಂಗಕ್ಕ ತೋರಸೋ ಅನ್ನಾ ಸೆರೆ ಕುಡದ ಒಲಿ ಮ್ಯಾಲ ಬೇಯಸ್ತೀಯೇನೋ ಭಾಡ್ಯಾ?”

“ಒಲಿ ಕುಡೀತದವ್ವ, ನಾವಲ್ಲ.”

ಆ ಒಲೆ ಅದೇ ಮೋಟಾರಿಗೆ ವಾಪಸು ಹೋಯಿತು. ನಾನು ಮಡಚಿದ ಸೀರೆಗಳನ್ನು ಬಿಡಿಸಿ ಮತ್ತೆ ಗೂಟಕ್ಕೆ ಹಾಕಿದೆ.

ಮೂರನೆಯದರ ಕಥೆ ಹೇಳುವಾಗ ಇಂದಿಗೂ ನನಗೆ ನಗೆ ತಡೆಯುವುದಿಲ್ಲ. ಚಿಮಣಿ ಎಣ್ಣೆ, ಎಂದರೆ ಸೀಮೆಎಣ್ಣೆ, ಹಾಕಿ ಪಂಪು ಹೊಡೆಯುವ ಒಲೆ. “ಲೇ ಜಾವ್ ಮಿಯಾ, ಉಮರ್ ಭರ್ ಕಾ ಮಾಲ್ ಹೈ. ತೂಫಾನ್ ಮೇಂ ಭೀ ನೈ ಬುಜತಾ,” ಎಂದು ಹುಸೇನಸಾಬ ಗಡ್ಡ ಮುಟ್ಟಿ ಹೇಳಿದ್ದನಂತೆ, ಆಯುಷ್ಯವಿಡೀ ಬಾಳುವ ಮಾಲು, ಬಿರುಗಾಳಿಗೂ ಆರುವುದಿಲ್ಲ ಎಂದು. ಇವರು ಗಾಡಿ ಹತ್ತಿ ಪಂಪು ಹೊಡೆದರು. ಒಲೆ ಭುಸ್ಸೆಂದು ಬುಸುಗುಟ್ಟಿ ಮೊರೆಯತೊಡಗಿತು. ಎತ್ತುಗಳಿಗೆ ಬೆನ್ನ ಹಿಂದೆ ಹಾವು ಬಂದಂತಾಯಿತೋ ಏನೋ, ಬಾಲ ಎತ್ತಿ ಓಡಿದವು ನೋಡಿ! ಅಂದು ಸಂತೆಯ ದಿನ. ಕುಂಬಾರರ ಗಡಿಗೆ ಒಂದು ಕಡೆ, ಕೋಳಿ ಒಂದು ಕಡೆ, ಕೆಂಪು ಬಾಳೆಗೊನೆಯ ರಾಶಿ ಮತ್ತೊಂದು ಕಡೆ ಚೆಲ್ಲಾಪಿಲ್ಲಿ. ಗಾಡಿಯಲ್ಲಿ ಇವರು ಉರಿಯುವ ಒಲೆಯನ್ನು ಎರಡೂ ಕೈಯಿಂದ ಅವುಚಿ, “ಸರೀರಿ, ಸರೀರಿ!” ಎಂದು ಕೂಗುತ್ತ ಕಲಬುರ್ಗಿಯ ರಸ್ತೆ ಹಿಡಿದುಬಿಟ್ಟರು. ಹೊತ್ತು ಇಳಿದ ಮೇಲೆ ನಡೆದುಕೊಂಡು ಬಂದರು. ಕೈಯಲ್ಲಿ ಒಲೆ ಇನ್ನೂ ಉರಿಯುತ್ತಿತ್ತು.

“ಒಲಿ ಮಾತ್ರ ಆರಿಲ್ಲ ನೋಡವ್ವ,” ಎಂದರು ಹೆಮ್ಮೆಯಿಂದ.

“ಖರೆ. ಎತ್ತು ಎಲ್ಲ್ಯಾವ?” ಎಂದರು ಅತ್ತೆ.

ನಕ್ಕು ನಕ್ಕು ಒಳಗೆ ಹೋದವಳು ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತುಬಿಟ್ಟೆ. ನಗೆ ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ನನಗೇ ತಿಳಿಯಲಿಲ್ಲ. ಲೋಕದಲ್ಲಿ ಇರುವುದೇ ಇಷ್ಟು ಒಲೆ, ಇನ್ನು ಯಾವುದನ್ನು ತರುತ್ತಾರೆ? ನನ್ನ ಹಣೆಯಲ್ಲಿ ಬರೆದದ್ದು ಬಾವಿಯ ತಳದ ಆಕಾಶವೇ ಇರಬೇಕು ಎಂದುಕೊಂಡೆ. ಮುಂದಿನ ಗುರುವಾರ ಮೋಟಾರು ಬಂತು, ಇವರು ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ನನಗೆ ಅನ್ನ ಸೇರಲಿಲ್ಲ.

ಬಂದಾಗ ಕೈಯಲ್ಲಿ ಅಗಲ ತಳದ, ಗಿಡ್ಡನೆಯ ಬತ್ತಿ ಒಲೆ. ಚಿಮಣಿ ಎಣ್ಣೆಯದೇ, ಆದರೆ ಬಾಯಿ ಮುಚ್ಚಿಕೊಂಡು ಉರಿಯುವಂಥದು, ಬತ್ತಿ ಇಳಿಸಿದರೆ ಆರುವಂಥದು. ಗಾಡಿಯಲ್ಲಿ ಹೋಗುವಾಗ ಅದು ಜಾರುತ್ತಿತ್ತು, ಅದೊಂದೇ ದೋಷ. ಇವರು ಮುಖ ಸಣ್ಣದು ಮಾಡಿಕೊಂಡು ಪಡಸಾಲೆಯಲ್ಲಿ ಕೂತರು. ಎದುರಿಗೆ ಅತ್ತೆ ನೆಗೆಣ್ಣಿಯ ಕೂಸಿನ ತೊಟ್ಟಿಲು ತೂಗುತ್ತಿದ್ದರು. ತೊಟ್ಟಿಲು ಈ ಗೋಡೆಯಿಂದ ಆ ಗೋಡೆಗೆ ಹೋಗಿ ಬರುತ್ತಿತ್ತು. ಕೂಸು ಮಿಸುಕದೆ ಮಲಗಿತ್ತು. ಇವರು ನೋಡಿಯೇ ನೋಡಿದರು. ಎದ್ದು ಹೋಗಿ, ಒಂದು ಬಟ್ಟಲು ತುಂಬ ನೀರು ತಂದು ಕೂಸಿನ ಪಕ್ಕದಲ್ಲಿಟ್ಟು ತಾವೇ ತೂಗಿದರು. ಒಂದು ಹನಿಯೂ ಚೆಲ್ಲಲಿಲ್ಲ.

“ಯವ್ವ, ತೊಟ್ಟಲದ ಸರಪಳಿ ಕೊಡು.”

“ಯಾಕೋ?”

“ಒಲಿ ತೂಗ್ತೀನಿ.”

“ಎಪ್ಪಾ! ನನ್ನ ಮೊಮ್ಮಗನ್ನ ಇಳಿಸಿ ಒಲಿ ಮಲಗಸ್ತಾನಂತ ಇಂವ!” ಅತ್ತೆ ಅಂದು ಮೊದಲ ಸಲ ನಕ್ಕರು. ಕೂಸು ಹೇಗೂ ಅಂಬೆಗಾಲಿಡುತ್ತಿತ್ತು. ಬರಿದು ತೊಟ್ಟಿಲು ತೂಗುವುದು ಒಳ್ಳೆಯದಲ್ಲವೆಂದು ತೊಟ್ಟಿಲನ್ನೇ ಅಟ್ಟಕ್ಕೆ ಹಾಕಿಸಿ, ನಾಲ್ಕು ಹಿತ್ತಾಳೆ ಸರಪಳಿ ಬಿಚ್ಚಿ ಕೊಟ್ಟರು. ಗಾಡಿಯಲ್ಲಿ ಗೂಟ ಹೊಡೆದು ಒಲೆಯನ್ನು ತೂಗುಹಾಕಿ ಇವರು ಊರು ಸುತ್ತಿ ಬಂದರು. ಕಿಡಿ ಇಲ್ಲ, ಸದ್ದಿಲ್ಲ, ಸೆರೆಯಿಲ್ಲ, ಎತ್ತುಗಳು ಮೆಲುಕು ಹಾಕುತ್ತಲೇ ನಡೆದವು. ನಾನು ಅತ್ತೆಯ ಬಾಯಿಯನ್ನೇ ನೋಡುತ್ತ ನಿಂತೆ.

“ನೀರ ಮ್ಯಾಲ ನಾನ ನೋಡಬೇಕು. ಅಲ್ಲಿ ನೋಡಿ ಪಾಸೋ ನಾಪಾಸೋ ಹೇಳ್ತೀನಿ,” ಎಂದರು.

ನಸುಕಿನಲ್ಲಿ ಗಾಡಿ ಹೂಡಿ ಹೊರಟೆವು. ನಾನು ಎರಡು ಸೀರೆ ಮಾತ್ರ ಕಟ್ಟಿಕೊಂಡಿದ್ದೆ. ನಾಪಾಸಾದರೆ ಗಂಟು ಹೊತ್ತು ವಾಪಸು ಬರುವುದು ಹೇಗೆ ಎಂಬ ನಾಚಿಕೆ. ಅತ್ತೆ ಕಣಕಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ತೊಡೆಯ ಮೇಲೆ ಅರಿವೆ ಸುತ್ತಿದ ಒಂದು ಸಣ್ಣ ಗಡಿಗೆ. ಮಗನಿಗೆ ತುಪ್ಪ ಒಯ್ಯುತ್ತಿದ್ದಾರೆ ಎಂದುಕೊಂಡೆ.

“ಕೊಡ್ರಿ ಅತ್ತಿ, ನಾ ಹಿಡ್ಕೊಂತೀನಿ.”

“ಸುಮ್ನ ಕೂಡು.”

ದಾರಿಯುದ್ದಕ್ಕೂ ಅದನ್ನು ಈ ತೊಡೆಯಿಂದ ಆ ತೊಡೆಗೆ ಬದಲಿಸುತ್ತಿದ್ದರೇ ಹೊರತು ಕೆಳಗಿಡಲಿಲ್ಲ. ನನ್ನನ್ನು ಒಂದು ತುಪ್ಪದ ಗಡಿಗೆಗೂ ನಂಬುವುದಿಲ್ಲವಲ್ಲ ಎಂದು ನನಗೆ ಬಲು ಬೇಸರವಾಯಿತು.

ಹೊತ್ತು ಮುಳುಗಲು ಇನ್ನೂ ಸಮಯವಿರುವಾಗ ಕೆರೆಯ ಏರಿ ಹತ್ತಿದೆವು. ಅಬ್ಬಾ, ಆ ನೀರು! ಮಳೆಗಾಲ ಮುಗಿದು ಕೆರೆ ಕಣ್ಣು ಹಾಯುವವರೆಗೂ ತುಂಬಿ ನಿಂತಿತ್ತು. ತವರಿನ ಅಂಗಳಕ್ಕೆ ಕಾಲಿಟ್ಟಂತೆ ನನ್ನ ಎದೆ ಉಬ್ಬಿ ಬಂತು. ಪಕ್ಕದ ಹಳ್ಳಿ ಶರಣಸಿರಸಗಿಯಿಂದ ಹಾಲು ತರುವವಳು ಏರಿಯ ಮೇಲೆ ಹೋಗುತ್ತಿದ್ದಳು. ಅವಳಿಂದ ಹಾಲು ಹಾಕಿಸಿಕೊಂಡರು. ಇವರು ಕೈ ಹಿಡಿದು ಅತ್ತೆಯನ್ನು ದೋಣಿಗೆ ಇಳಿಸಿದರು. ಅತ್ತೆ ಇನ್ನೊಬ್ಬರ ಕೈಗೆ ಜೋತುಬಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಡುವೆ ಕೂತರು. ಗಡಿಗೆ ತೊಡೆಯ ಮೇಲೆಯೇ. ಇವರು ಹಾಯಿ ಬಿಚ್ಚಿ ಅದರ ಹಗ್ಗ ಹಿಡಿದರು. ದೋಣಿ ಸುಯ್ಯೆಂದು ದಂಡೆ ಬಿಟ್ಟಿತು. ನಾನು ಯಾರೂ ಕಾಣದ ಹಾಗೆ ಒಂದು ಕೈಯನ್ನು ನೀರಿಗೆ ಇಳಿಬಿಟ್ಟೆ.

ಮಾಡಿನ ತೊಲೆಗೆ ತೊಟ್ಟಿಲ ಸರಪಳಿಯಲ್ಲಿ ಒಲೆ ತೂಗುತ್ತಿತ್ತು. ದೋಣಿ ಎತ್ತ ವಾಲಿದರೂ ಅದು ನೆಟ್ಟಗೇ ಇತ್ತು. ಇವರು ಹಗ್ಗವನ್ನು ಒಂದೇ ಕೈಗೆ ತೆಗೆದುಕೊಂಡು ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದರು.

“ತಡಿ,” ಎಂದರು ಅತ್ತೆ. ಗಡಿಗೆಯ ಅರಿವೆ ಬಿಚ್ಚಿದರು. ಒಳಗೆ ತುಪ್ಪವಿರಲಿಲ್ಲ, ಕುಳ್ಳಿನ ಬೂದಿ ಇತ್ತು. ಬೂದಿಯನ್ನು ಬೆರಳಿನಿಂದ ಸರಿಸಿ ಊದಿದರು. ಕೆಂಡ ಕೆಂಪಗೆ ಕಣ್ಣು ಬಿಟ್ಟಿತು.

ಇವರ ಬಾಯಿ ತೆರೆದದ್ದು ಮುಚ್ಚಲಿಲ್ಲ. “ಯವ್ವ! ಮುಂಜಾನಿಂದ ಬೆಂಕಿ ತೊಡಿ ಮ್ಯಾಲ ಇಟ್ಕೊಂಡು ಕುಂತೀಯೇನು? ಗಾಡ್ಯಾಗ? ಕಣಕಿ ಮ್ಯಾಲ?”

“ಮತ್ತ? ಮಗಾ ಬ್ಯಾರೆ ಒಲಿ ಹೂಡಿದ್ರ ಮನಿ ಒಲಿ ಬೆಂಕಿ ಕೊಟ್ಟು ಕಳಸೂದು ನಮ್ಮ ಮಂದಿ ಪದ್ಧತಿ. ಕಡ್ಡಿಪೆಟ್ಟಿಗಿ ಬೆಂಕಿಗಿ ತಾಯಿ ಯಾರು?”

ನಾಲ್ಕು ಒಲೆಗಳಲ್ಲಿ ತಪ್ಪು ಹುಡುಕಿದವರು, ಎಲ್ಲಕ್ಕಿಂತ ಅಪಾಯದ ಬೆಂಕಿಯನ್ನು ಮಡಿಲಲ್ಲಿಟ್ಟುಕೊಂಡು ಇಡೀ ದಿನ ಪ್ರಯಾಣ ಮಾಡಿದ್ದರು. ಇವರಿಗೆ ನಗೆ ಬಂತು. ನನಗೆ ಬೇರೆಯೇ ಒಂದು ಮಾತು ಹೊಳೆಯಿತು. ಅತ್ತೆ ಕಮಲಾಪುರದಲ್ಲೇ, ಒಲೆಯನ್ನು ನೀರ ಮೇಲೆ ನೋಡುವ ಮೊದಲೇ, ನನ್ನನ್ನು ಕಳಿಸುವುದೆಂದು ಗಟ್ಟಿ ಮಾಡಿಕೊಂಡು ಬೆಂಕಿ ಎತ್ತಿಕೊಂಡಿದ್ದರು. ಇಲ್ಲದಿದ್ದರೆ ಆ ಗಡಿಗೆ ಯಾಕೆ? ನಾನು ಅವರ ಕಾಲು ಮುಟ್ಟಲು ಬಗ್ಗಿದೆ. “ದೋಣಿ ವಾಲ್ತದ, ನೆಟ್ಟಗ ಕೂಡು,” ಎಂದು ಗದರಿದರು.

ಕೆಂಡದಿಂದ ಬತ್ತಿ ಹತ್ತಿತು. ಎರಡು ಕಿವಿಯ ಹಿತ್ತಾಳೆ ಬೋಗುಣಿಯಲ್ಲಿ ಹಾಲಿಟ್ಟೆ. ಹೊಸ ಮನೆಯಲ್ಲಿ ಹಾಲು ಉಕ್ಕಿಸಬೇಕಲ್ಲ. ಹಾಲು ಮೇಲೇಳುವ ಹೊತ್ತಿಗೆ ಗಾಳಿ ಜೋರಾಗಿ ಬಂತು. ದೋಣಿ ವಾಲಿತು. ಒಲೆ ನೆಟ್ಟಗಿತ್ತು, ಆದರೆ ಬೋಗುಣಿ ಜಾರಿತು. ನಾನು ಸೆರಗಿನಿಂದ ಈ ಕಿವಿ ಹಿಡಿದೆ. ಇವರು ಹಾಯಿಯ ಹಗ್ಗವನ್ನು ಬಿಟ್ಟು ಬರಿಗೈಯಿಂದ ಆ ಕಿವಿ ಹಿಡಿದರು. ಒಡೆಯನಿಲ್ಲದ ದೋಣಿ ತವರಿನ ಹರಿಗೋಲಿನಂತೆ ಗರಗರ ತಿರುಗತೊಡಗಿತು. ಹಾಲು ಉಕ್ಕಿ ಸುರ್ರೆಂದು ಚೆಲ್ಲಿ ಒಲೆ ಆರಿಹೋಯಿತು.

ನಾವಿಬ್ಬರೂ ಕಿವಿ ಹಿಡಿದುಕೊಂಡೇ ಅತ್ತೆಯ ಕಡೆ ತಿರುಗಿದೆವು.

“ಉಕ್ತು. ಛಲೋ ಆತು,” ಎಂದರು. ಆರಿದ ಬತ್ತಿಯನ್ನು ಬಗ್ಗಿ ನೋಡಿ, “ಒಲಿ ನಾಪಾಸ,” ಎಂದರು.

“ಯವ್ವ!”

“ಯಾವ ಒಲೀನೂ ಪಾಸ್ ಆಗೂದಿಲ್ಲೋ ತಮ್ಮಾ. ನೀರ ಮ್ಯಾಲ ಬೆಂಕಿ ಅಂದ್ರ ಒಬ್ಬರ ಕೈಲಿ ಆಗೂ ಮಾತಲ್ಲ ಇದು. ನಿನ್ನ ಒಬ್ಬನ್ನ ಬಿಟ್ರ ಸುಟ್ಕೊಂಡು ಸಾಯ್ತೀ.” ನನ್ನ ಕಡೆ ನೋಡಿದರು. “ಆ ಕಿವಿ ಅಂವ ಹಿಡೀಲಿ, ಈ ಕಿವಿ ನೀ ಹಿಡಿ. ಇಲ್ಲೇ ಇರು ನೀ.”

ಅಂದು ಊರೊಳಗಿನ ಬೀಗರ ಮನೆಯಲ್ಲಿ ಉಳಿದು, ಮರುದಿನ ಅತ್ತೆ ಕಮಲಾಪುರಕ್ಕೆ ಹೋದರು. ನನ್ನ ಉಳಿದ ಸೀರೆಗಳನ್ನು ಮೋಟಾರಿನಲ್ಲಿ ಕಳಿಸಿಕೊಟ್ಟರು.

ಆ ದಿನಗಳನ್ನು ಹೇಗೆ ಹೇಳಲಿ? ತಲೆದಿಂಬಿನ ಕೆಳಗೇ ನೀರು ಮಾತಾಡುತ್ತಿತ್ತು. ನಾನು ರೊಟ್ಟಿ ಬಡಿದರೆ ದೋಣಿ ಕುಣಿಯುತ್ತಿತ್ತು. “ಮೆಲ್ಲಕ ಬಡಿಯ, ಮನಿ ಮುಳಗ್ತದ,” ಎನ್ನುತ್ತಿದ್ದರು ಇವರು. ಕಮಲಾಪುರದಲ್ಲಿ ನಾಲ್ಕು ಮಾತು ಆಡಲು ವಾರಗಟ್ಟಲೆ ಕಾಯುತ್ತಿದ್ದವಳು ಇಲ್ಲಿ ಹಾಲು ಕಾಯುವ ಹೊತ್ತಿನಲ್ಲೇ ಕಚೇರಿಯ ಸುದ್ದಿಯೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ಈ ಕಿವಿ ನನ್ನ ಕೈಯಲ್ಲಿ, ಆ ಕಿವಿ ಇವರ ಕೈಯಲ್ಲಿ. ಹಾಲು ಮೇಲೇಳುವಾಗ ಮಾತ್ರ ಇಬ್ಬರೂ ಸುಮ್ಮನಾಗುತ್ತಿದ್ದೆವು. ಬೇಸಗೆ ಬಂದು ಕೆರೆ ಇಳಿಯಿತು, ದೋಣಿ ಕೆಸರಿಗೆ ಕೂತಿತು. ನಾವು ಊರೊಳಗೆ ಬಾಡಿಗೆಗೆ ಒಂದು ಮನೆ ಹಿಡಿದೆವು. ದೋಣಿಯ ಹಲಗೆಗಳು ಮುಂದೆ ಯಾರದೋ ಕೊಟ್ಟಿಗೆಗೆ ಬಾಗಿಲಾದವು ಎಂದು ಕೇಳಿದೆ.

ಆದರೆ ಇವರ ರೂಢಿ ತಪ್ಪಲಿಲ್ಲ. ನೆಲದ ಮೇಲಿನ ಒಲೆಗೂ, ಕಟ್ಟೆಯ ಮೇಲಿನ ಒಲೆಗೂ, ಹಾಲಿಟ್ಟ ಸಪ್ಪಳ ಕೇಳಿದರೆ ಎಲ್ಲಿದ್ದರೂ ಬಂದು ಆ ಕಿವಿ ಹಿಡಿದು ನಿಲ್ಲುತ್ತಿದ್ದರು. ತಲೆ ನೆರೆತ ಮೇಲೂ, ಮಗನ ಮದುವೆಯಾದ ಮೇಲೂ. ನಾನು ನಾಚಿ, “ಸೊಸಿ ನೋಡ್ತಾಳ್ರಿ, ಬಿಡ್ರಿ,” ಎನ್ನುತ್ತಿದ್ದೆ. “ಒಲಿ ನಾಪಾಸ ಅದ, ಮರತಿಯೇನು?” ಎನ್ನುತ್ತಿದ್ದರು. ಇವರು ಹೋಗಿ ಈಗ ಹಲವು ವರ್ಷಗಳಾದವು. ಶಾಂತಾ ಹೇಳುವುದು ಖರೆ, ಒಲೆ ಎಲ್ಲಿಗೂ ಓಡುವುದಿಲ್ಲ. ಅದು ಒಮ್ಮೆಯಾದರೂ ಅಲುಗಿದ್ದರೆ ಎಂದು ನನಗೆ ಎಷ್ಟು ಆಸೆ ಎಂಬುದು ಅವಳಿಗೆ ಗೊತ್ತಿಲ್ಲ.

ಮೊನ್ನೆ ಇದನ್ನೆಲ್ಲ ಅವಳಿಗೆ ಕೊನೆಯ ತನಕ ಹೇಳಿದೆ. ಕೇಳುತ್ತ ನಕ್ಕಳು, ಕೊನೆಗೆ ನಗಲಿಲ್ಲ. ಮರುದಿನ ಬೆಳಿಗ್ಗೆ ನಾನು ಹಾಲಿಟ್ಟು ನಿಂತಾಗ ತಾನೂ ಬಂದು ಎದುರಿಗೆ ನಿಂತಳು. ಸೆರಗಿನ ತುದಿ ಮಡಚಿ, ಆ ಕಡೆಯ ಕಿವಿಗೆ ಕೈ ಹಚ್ಚಿದಳು. ಒಳ್ಳೆಯ ಹುಡುಗಿ, ನನ್ನನ್ನು ನಗಿಸಬೇಕೆಂದೇ ಮಾಡಿದ್ದು.

“ಬಿಡವ್ವ,” ಎಂದೆ. “ಆ ಕಿವಿ ಬಿಡು. ಅದು ಅವರದು.”

ಅವಳು ಕೈ ತೆಗೆದಳು. ಹಾಲು ಉಕ್ಕಿ ಬಂದು, ಯಾರೂ ಹಿಡಿಯದ ಆ ಕಡೆಗೇ ಚೆಲ್ಲಿತು.